ನೂರಕ್ಕೆ ಎಂಬತ್ತೊಂದು

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ವಾರಿಯರ್ ಸಾಹೇಬರು ಕಡತದಿಂದ ತಲೆಯೆತ್ತದೆಯೇ "ರಾವ್, ಗುರುವಾರ ನಿಮ್ಮ ಗುಡ್ಡ ನೋಡಲು ಹೋಗುತ್ತಿದ್ದೇವೆ" ಎಂದರು. ಉಪೇಂದ್ರ ಕಲ್ಲೂರಾಯನಿಗೆ ಮೊದಲು ಹೊಳೆದದ್ದು ಆ ಗುಡ್ಡ ತನ್ನದಲ್ಲವೆಂದು. ಆಮೇಲೆ ಹೊಳೆದದ್ದು ತನ್ನ ಹೆಸರು ರಾವ್ ಅಲ್ಲವೆಂದು. "ಯೆಸ್ ಸರ್" ಎಂದ. ಎರಡು ವರ್ಷದ ಹಿಂದೆ ತಿರುವನಂತಪುರದ ಪಟ್ಟಂನಲ್ಲಿರುವ ಈ ಅರಣ್ಯ ಕಚೇರಿಗೆ ಬಂದ ಮೊದಲ ದಿನವೇ, ಕಲ್ಲೂರಾಯ ಎಂಬುದು ತೀರಾ ಉದ್ದವಾಯಿತೆಂದು ಸಾಹೇಬರು ಅದರ ಬಾಲವನ್ನಷ್ಟೇ ಉಳಿಸಿಕೊಂಡು, ಅದನ್ನೂ ತಿದ್ದಿ, ರಾವ್ ಮಾಡಿದ್ದರು. ಡೆಹರಾಡೂನಿನಿಂದ ಭಟನಾಗರ್ ಎಂಬ ಹಿರಿಯ ಅರಣ್ಯ ವಿಜ್ಞಾನಿ ಬಂದಿದ್ದಾರೆ, ನಿಮ್ಮ ವರದಿಯನ್ನು ಓದಿ ಬಹಳ ಸಂತೋಷಪಟ್ಟಿದ್ದಾರೆ ಎಂದು ಸಾಹೇಬರು ಹೇಳುತ್ತಿದ್ದರು. "ನೂರಕ್ಕೆ ಎಂಬತ್ತೊಂದು! ಇಂಡಿಯಾದಲ್ಲೇ ಎಲ್ಲೂ ಇಲ್ಲವಂತೆ." ಈಗ ಅವರು ತಲೆಯೆತ್ತಿದರು. ಉಪೇಂದ್ರ ಅವರ ಬೆನ್ನ ಹಿಂದಿನ ನಕಾಶೆಯನ್ನು ನೋಡುತ್ತಿದ್ದ. ಹೊಸ ರಾಜ್ಯದ ನಕಾಶೆ. ಮೇಲ್ತುದಿಯಲ್ಲಿ, ಮೊಳೆ ಹೊಡೆದಲ್ಲಿ, ಕಾಸರಗೋಡು. ಅವನು ಮಂಗಳೂರಿನಲ್ಲಿ ಮದರಾಸು ಸರಕಾರದ ನೌಕರನಾಗಿ ತನ್ನ ಪಾಡಿಗೆ ತಾನಿದ್ದ. ರಾಜ್ಯಗಳ ಗಡಿ ಮಂಜೇಶ್ವರದಾಚೆ ಹೋಗಿ ಕೂತದ್ದರಿಂದ ಅವನ ಊರು ಕೇರಳಕ್ಕೆ ಬಂತು, ಊರಿನ ಹಿಂದೆ ಅವನೂ ಬಂದ. ಮೊಳೆ ಸ್ವಲ್ಪ ಸಡಿಲವಾಗಿದೆ, ನಕಾಶೆ ಎಂದಾದರೊಂದು ದಿನ ಬಿದ್ದರೆ ಮೊದಲು ಬೀಳುವುದು ಕಾಸರಗೋಡೇ ಎಂದು ಅವನಿಗೆ ಅನ್ನಿಸಿತು. "ಈ ಯೋಜನೆ ಮಂಜೂರಾದರೆ ಉತ್ತರದ ಗುಡ್ಡಗಳಿಗೆಲ್ಲ ನೀವೇ. ನಿಮ್ಮೂರಿನಲ್ಲೇ ಕೂರಬಹುದು. ಖುಷಿಯಲ್ಲವೆ?" ಎಂದರು ಸಾಹೇಬರು. ಅವನು ಖುಷಿ ಎಂದ.

ಕುರ್ಚಿಗೆ ಮರಳಿ ಬಂದು ಕೂತ. ವರದಿ ಅವನೆದುರಿಗೇ ಇತ್ತು, ಹದಿನಾಲ್ಕು ಪುಟ, ಅವನೇ ಬರೆದದ್ದು. ಆಡು ದನ ಮೇಯ್ದು ಬೋಳಾದ ಗುಡ್ಡಗಳಲ್ಲಿ ಮತ್ತೆ ಮರ ಏಳಬೇಕಾದರೆ ಬೀಜ ಬಿತ್ತಬೇಕು. ಬಿತ್ತಿದ ಬೀಜವನ್ನು ಇಲಿ ಹೆಗ್ಗಣ ಮುಳ್ಳುಹಂದಿಗಳು ಅಗೆದು ತಿನ್ನುತ್ತವೆ. ಅವುಗಳಿಂದ ಪಾರಾಗಿ ಮೊಳೆತದ್ದನ್ನು ಆಡುಗಳು ತಿನ್ನುತ್ತವೆ. ಆದ್ದರಿಂದ ಬೀಜಕ್ಕೆ ಪ್ರಾಣಿಗಳಿಗೆ ಬೇಡವಾಗುವಂಥ ಲೇಪ ಕೊಡಬೇಕು, ಬಿತ್ತಿದಲ್ಲಿ ಸುತ್ತ ಮುಳ್ಳು ಕಟ್ಟಬೇಕು. ಇಷ್ಟೇ ವಿಷಯ. ಲೇಪಕ್ಕೆ ಅವನು ಆರಿಸಿದ್ದು ಕೆಂಪು ಸೀಸದ ಪುಡಿಯನ್ನು, ಕೊಚ್ಚಿಯ ಮಟ್ಟಾಂಚೇರಿಯಲ್ಲಿ ದೋಣಿ ಹಡಗುಗಳ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಬಳಿಯುತ್ತಾರಲ್ಲ, ಅದನ್ನು. ಹೊರದೇಶದ ಒಂದು ಪತ್ರಿಕೆಯಲ್ಲಿ ಹಾಗೆಂದು ಓದಿದ್ದ. ಅಂಟಿಗೆ ಏನು ಹಾಕಬೇಕೆಂದು ಪತ್ರಿಕೆಯಲ್ಲಿ ಇರಲಿಲ್ಲ. ಅವನು ಅಕ್ಕಿಗಂಜಿ ಹಾಕಿದ. ಮೇ ತಿಂಗಳ ಕೊನೆಯಲ್ಲಿ, ಎರ್ನಾಕುಲಂ ಆಚೆ ಕಳಮಶ್ಶೇರಿಯ ಮುರಕಲ್ಲಿನ ಗುಡ್ಡದ ಮೇಲೆ, ನೂರು ಗೂಟ ಹೊಡೆದು, ಗೂಟಕ್ಕೊಂದರಂತೆ ಹೊನ್ನೆಯ ಬೀಜ ಊರಿದರು. ಕುಂಕುಮ ಮೆತ್ತಿದಂತಿದ್ದ ಆ ಬೀಜಗಳನ್ನು ಅಂಗೈಯಲ್ಲಿ ಹಿಡಿದಾಗ ಅವನಿಗೆ ತಾನೊಂದು ದೊಡ್ಡ ಕೆಲಸ ಮಾಡುತ್ತಿದ್ದೇನೆ ಎನ್ನಿಸಿ ಕಣ್ಣು ಹನಿಗೂಡಿತ್ತು. ಊಟಕ್ಕೆಂದು ಅವನೂ ಕಾವಲುಗಾರ ಚಾತ್ತುವೂ ಮರದ ನೆರಳಿಗೆ ಹೋದರು. ತಿರುಗಿ ಬಂದಾಗ ಲೇಪ ಕಲಸಿದ ತಗಡಿನ ಡಬ್ಬಿಯೊಳಗೆ ಒಂದು ಆಡಿನ ಮರಿ ತಲೆ ಹಾಕಿ ನಿಂತಿತ್ತು. ಗಂಜಿಯ ವಾಸನೆಗೆ ಬಂದದ್ದು. ಓಡಿಸಿದರೆ ಮೂತಿಯೆಲ್ಲ ಕೆಂಪಾಗಿ ಅವನನ್ನೇ ನೋಡಿತು, ಯಕ್ಷಗಾನದ ವೇಷದಂತೆ. ಅವನಿಗೆ ನಗು ಬಂತು. ನಕ್ಕ. ನಾಲ್ಕನೆಯ ದಿನ ಅದು ಸತ್ತಿತು.

ಅದನ್ನು ಸಾಕಿದವಳು ತ್ರೇಸ್ಯಾ, ಗುಡ್ಡದ ಬುಡದಲ್ಲೇ ಅವಳ ಗುಡಿಸಲು. ಸತ್ತ ಮರಿಯನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ಬೇಲಿಯ ಹೊರಗೆ ನಿಂತಿದ್ದಳು. ಬಯ್ಯಲಿಲ್ಲ, ಏನನ್ನೂ ಕೇಳಲಿಲ್ಲ. ಬಯ್ದಿದ್ದರೆ ತನ್ನ ಮಲೆಯಾಳದಲ್ಲಿ ಹೇಗೋ ಉತ್ತರ ಕೊಡುತ್ತಿದ್ದನೋ ಏನೋ. ಅವಳು ಮರಿಯನ್ನು ನೋಡಿದಳು, ಅವನನ್ನು ನೋಡಿದಳು, ಯಾವುದು ಯಾವುದರಿಂದ ಆಯಿತು ಎಂದು ಸರಿಯಾಗಿ ಗುರುತಿಟ್ಟುಕೊಳ್ಳುವವಳಂತೆ. ಅವನು "ಇದು ಸರಕಾರದ ಕೆಲಸ" ಎಂದ. ಈ ಮಾತನ್ನು ನೆನೆದಾಗಲೆಲ್ಲ, ಬಸ್ಸಿನಲ್ಲಿ, ಸ್ನಾನ ಮಾಡುವಾಗ, ಮಗಳಿಗೆ ಲೆಕ್ಕ ಹೇಳಿಕೊಡುವಾಗ, ಅವನ ಬಾಯಿಂದ ಒಂದು ಸಣ್ಣ ಸದ್ದು ಹೊರಡುತ್ತಿತ್ತು, ಬಿಸಿ ಮುಟ್ಟಿದವರು ಮಾಡುವಂಥದ್ದು. ಈಗಲೂ ಹೊರಟಿತು. ಪಕ್ಕದ ಮೇಜಿನ ಗುಮಾಸ್ತ "ಹಲ್ಲುನೋವೇ ರಾವ್?" ಎಂದು ಕೇಳಿದ. ಹೌದೆಂದ.

ಆಗಸ್ಟಿನಲ್ಲಿ ಎಣಿಸಬೇಕಾಗಿತ್ತು. ಎಷ್ಟು ಬೀಜಗಳು ಪ್ರಾಣಿಗಳ ಬಾಯಿಯಿಂದ ಪಾರಾಗಿ ಮೊಳೆತಿವೆ ಎಂದು ಗೂಟ ಗೂಟಕ್ಕೂ ಕೂತು ನೋಡಿ ಬರೆಯಬೇಕು. ಹೋದ. ಗುಡ್ಡದ ಬುಡದವರೆಗೆ ಹೋದ. ಮೇಲೆ ನೋಡಿದರೆ ನೆತ್ತಿಯಲ್ಲಿ ತ್ರೇಸ್ಯಾ ನಿಂತಿದ್ದಳು, ಸುತ್ತ ಆಡುಗಳು, ಹಿಂದೆ ಮಳೆಯ ಮೋಡ. ಅವಳು ಅವನನ್ನು ನೋಡಿದ್ದಳೆಂದು ಹೇಳುವಂತಿಲ್ಲ, ಅಷ್ಟು ದೂರ. ಅವನು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು ಚಹಾದಂಗಡಿಯೊಳಗೆ ಹೊಕ್ಕು, ಎರಡು ಗಂಟೆ ಕೂತು, ಚಾತ್ತುವನ್ನು ಅಲ್ಲಿಗೇ ಕರೆಸಿಕೊಂಡ. ಎಷ್ಟು ಬಂದಿದೆ ಎಂದು ಕೇಳಿದ. ಚಾತ್ತು ಐವತ್ತು ದಾಟಿದವನು, ಮಾತು ಕಡಿಮೆ, ಲೋಟದ ತಳದ ಸಕ್ಕರೆಯನ್ನು ಬೆರಳಲ್ಲಿ ತೆಗೆಯುತ್ತ, "ಎಷ್ಟು ಬೇಕು ಸಾರೇ?" ಎಂದ. ಉಪೇಂದ್ರನಿಗೆ ಮಲೆಯಾಳ ಅಷ್ಟೂ ಬರುವುದಿಲ್ಲವೆಂದಿರಲಿಲ್ಲ. ಆದರೆ ಆ ಕ್ಷಣ ಬರುವುದಿಲ್ಲವೆಂದೇ ಮುಖಮಾಡಿ, ಮತ್ತೊಮ್ಮೆ, ಗಟ್ಟಿಯಾಗಿ, ಎಷ್ಟು ಬಂದಿದೆ ಎಂದು ಕೇಳಿದ. ಚಾತ್ತು ಹೊರಗೆ ಮಳೆ ನೋಡಿದ. "ಎಂಬತ್ತೊಂದು" ಎಂದ. ಎಂಬತ್ತಲ್ಲ, ಎಂಬತ್ತೊಂದು, ಆ ಒಂದು ಉಪೇಂದ್ರನಿಗೆ ಹಿಡಿಸಿತು. ಸುಳ್ಳಾಗಿದ್ದರೆ ಎಂಬತ್ತೆನ್ನುತ್ತಿದ್ದ ಎಂದು ತನಗೆ ತಾನೇ ಹೇಳಿಕೊಂಡು ಬರೆದುಕೊಂಡ.

ಆ ಮಂಗಳವಾರ ಸಂಜೆ ಮನೆಗೆ ಬಂದಾಗ ಹೆಂಡತಿ ಸೌದಾಮಿನಿ ದೋಸೆಯ ಕಾವಲಿಯ ಎದುರಿಗಿದ್ದಳು. ವಿಷಯ ಕೇಳಿ ಸೌಟನ್ನು ಹಿಟ್ಟಿನಲ್ಲೇ ಬಿಟ್ಟಳು. "ಹಾಗಾದ್ರೆ ಊರಿಗೆ ಹೋಗ್ಲಿಕ್ಕುಂಟಾ ಮಾರಾಯ್ರೆ? ನಿಜವಾ?" ಯೋಜನೆ ಮಂಜೂರಾದರೆ ಎಂದ ಅವನು. "ಮಂಜೂರಾಗದೆ ಎಂತ? ಡೆಲ್ಲಿಯಿಂದ ಬಂದವರೇ ನೋಡ್ಲಿಕ್ಕೆ ಬರ್ತಾರೆ ಅಂದ್ಮೇಲೆ." ಡೆಹರಾಡೂನ್, ಡೆಲ್ಲಿಯಲ್ಲ, ಎಂದ. "ಎರಡೂ ಮೇಲೆಯೇ ಅಲ್ವಾ" ಎಂದಳು ಅವಳು. ಈ ಊರಿನ ನೀರಿಗೆ ಬೇಳೆ ಬೇಯುವುದಿಲ್ಲ ಎಂಬುದರಿಂದ ಹಿಡಿದು ಮಗಳ ಬಾಯಲ್ಲಿ ಕನ್ನಡವೇ ಉಳಿಯಲಿಕ್ಕಿಲ್ಲ ಎಂಬುದರವರೆಗೆ ಅವಳ ದೂರುಗಳು ಎರಡು ವರ್ಷದಿಂದ ಹಾಗೇ ಇದ್ದವು; ಇವತ್ತು ಅವಳು ಅವುಗಳನ್ನು ಆಗಲೇ ಮುಗಿದುಹೋದ ಕಷ್ಟಗಳಂತೆ ನಗುತ್ತ ಹೇಳಿದಳು. ಎಂಟು ವರ್ಷದ ವಿನೋದಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ನಾವು ಊರಿಗೆ ಹೋಗುದಾ ಮಗಾ, ಅಜ್ಜನ ಮನೆ ಹತ್ರ" ಎಂದಳು ತಾಯಿ. "ಞಾನ್ ವರುನ್ನಿಲ್ಲ" ಎಂದಿತು ಹುಡುಗಿ, ತಾನು ಬರುವುದಿಲ್ಲವೆಂದು, ಅಚ್ಚ ತಿರುವನಂತಪುರದ ರಾಗದಲ್ಲಿ. ಸೌದಾಮಿನಿ ಅದಕ್ಕೂ ನಕ್ಕಳು. ಉಪೇಂದ್ರ ದೋಸೆಯನ್ನು ಮುರಿದು ಮುರಿದು ತಟ್ಟೆಯ ಅಂಚಿಗೆ ಜೋಡಿಸುತ್ತಿದ್ದ. ಗುಡ್ಡದ ಮೇಲೆ ಎಂಬತ್ತೊಂದು ಗಿಡ ಇದ್ದೇ ಇರಬಹುದು. ಯಾಕಿರಬಾರದು? ತಾನು ನೋಡಲಿಲ್ಲ ಎಂಬ ಒಂದೇ ಕಾರಣಕ್ಕೆ ಗಿಡಗಳು ಇಲ್ಲದೆ ಹೋಗುತ್ತವೆಯೆ? ಈ ತರ್ಕ ಎಷ್ಟು ಗಟ್ಟಿಯಾಗಿತ್ತೆಂದರೆ ಅವನಿಗೆ ಮತ್ತೊಂದು ದೋಸೆ ಸೇರಿತು.

ಬುಧವಾರದ ರೈಲಿನಲ್ಲಿ ಸಾಹೇಬರೂ ಅತಿಥಿಗಳೂ ಮೊದಲ ದರ್ಜೆಯಲ್ಲಿ, ಅವನು ಮೂರನೆಯದರಲ್ಲಿ, ವರದಿಯ ಪ್ರತಿಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು. ಗುರುವಾರ ಬೆಳಿಗ್ಗೆ ಎರ್ನಾಕುಲಂನಿಂದ ಹೊರಟ ಜೀಪಿನಲ್ಲಿ ಅವನಿಗೆ ಹಿಂಭಾಗದ ಹೆಚ್ಚುವರಿ ಚಕ್ರದ ಮೇಲೆ ಜಾಗವಿತ್ತು. ಮುಂದೆ ಭಟನಾಗರ್ ಹಿಂತಿರುಗಿ, ಈ ಯೋಚನೆ ನಿಮಗೆ ಹೇಗೆ ಬಂತು ಎಂದು ಕೇಳಿದರು. ಬಿಳಿ ಹುಬ್ಬಿನ, ತೆಳ್ಳಗಿನ ಮುದುಕರು. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು. ಉಪೇಂದ್ರ ಬಾಯಿ ತೆರೆದ. ಜೀಪು ಗುಂಡಿಗೆ ಬಿತ್ತು, ಅವನ ತಲೆ ಮೇಲಿನ ಕಂಬಿಗೆ ಬಡಿಯಿತು, ಅಷ್ಟರಲ್ಲಿ ವಾರಿಯರ್, "ನಮ್ಮ ಇಲಾಖೆಯಲ್ಲಿ ಬಹಳ ದಿನದಿಂದ ಈ ಚಿಂತನೆ ನಡೆದಿತ್ತು" ಎಂದು ಉತ್ತರಿಸಿದರು. ರಸ್ತೆಯ ಬದಿಯಲ್ಲಿ ಹೊಸ ಕಾರ್ಖಾನೆಗಳ ಹೊಗೆಕೊಳವೆಗಳು ಕಾಣಿಸತೊಡಗಿದವು. ಆಮೇಲೆ ಗುಡ್ಡ. ಬೋಳು, ಕೆಂಪು, ನಡುವೆ ಒಂದು ಹಸುರು ಚೌಕ. ಉಪೇಂದ್ರ ಚಕ್ರದ ಮೇಲಿಂದ ಕತ್ತು ಚಾಚಿ ಆ ಹಸುರನ್ನು ನೋಡಿದ.

ಚಾತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಳ್ಳಿನ ಬೇಲಿಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಗಿಡಗಳಿದ್ದವು. ಇದ್ದವು! ಮೊಣಕಾಲೆತ್ತರ, ಗೂಟಗಳ ಪಕ್ಕಪಕ್ಕದಲ್ಲೇ, ಕೆಲವು ಗೂಟಗಳ ಬಳಿ ಮಾತ್ರ ಖಾಲಿ. ಸಾಹೇಬರು ಕೈಯಿಂದ ತೋರಿಸುತ್ತ ಸಾಲು ಸಾಲಾಗಿ ನಡೆದರು. ಭಟನಾಗರ್ ಎಣಿಸುತ್ತ ಹೋದರು, ತುಟಿ ಅಲ್ಲಾಡಿಸುತ್ತ. ಕೊನೆಯ ಸಾಲಿನಲ್ಲಿ ನಿಂತು "ಎಯ್ಟಿ ಒನ್" ಎಂದರು. ಯಾರೋ ಹಿಂದಿನಿಂದ ಬೆನ್ನು ತಟ್ಟಿದಂತಾಯಿತು ಉಪೇಂದ್ರನಿಗೆ. ತಿರುಗಿದರೆ ಯಾರೂ ಇಲ್ಲ. ಅವನಿಗೆ ಚಾತ್ತುವನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಎಲ್ಲವೂ ನಿಜವಾಗಿತ್ತು, ತಾನು ಕೂತು ಚಹಾ ಕುಡಿದದ್ದೊಂದನ್ನು ಬಿಟ್ಟರೆ. ಸೌದಾಮಿನಿ ಊರಿನಲ್ಲಿ ಬಾವಿಕಟ್ಟೆಯ ಬಳಿ ಯಾರೊಂದಿಗೋ ಮಾತಾಡುತ್ತ ನಿಂತಿರುವುದು ಕಾಣಿಸಿತು, ಮಗಳು ಕನ್ನಡದಲ್ಲಿ ಹಟ ಮಾಡುವುದು ಕೇಳಿಸಿತು. ಅವನು ಹತ್ತಿರದ ಗಿಡವೊಂದರ ಬಳಿ ಪ್ರೀತಿಯಿಂದ ಕುಕ್ಕರುಗಾಲಲ್ಲಿ ಕೂತ. ಕೂತವನಿಗೆ ಒಂದು ಅನುಮಾನ ಬಂತು. ಗಿಡ ಗೂಟದಿಂದ ಒಂದು ಗೇಣು ಆಚೆಗಿತ್ತು. ಬೀಜ ಊರಿದ್ದು ಗೂಟದ ಬುಡದಲ್ಲಿ, ಅವನೇ ಊರಿದ್ದ. ಬೆರಳಿನಿಂದ ಗೂಟದ ಬುಡದ ಮಣ್ಣು ಕೆದಕಿದ. ಹೊನ್ನೆಕಾಯಿಯ ಒಣಸಿಪ್ಪೆಯ ಚೂರು ಸಿಕ್ಕಿತು, ಒಂದು ಬದಿಗೆ ಕೆಂಪು ಬಣ್ಣ ಇನ್ನೂ ಉಳಿದಿತ್ತು, ಇನ್ನೊಂದು ಬದಿಯಲ್ಲಿ ಹಲ್ಲಿನ ಗುರುತು. ಇಲಿಯದ್ದು. ಮುಂದಿನ ಗೂಟಕ್ಕೆ ಹೋದ. ಅಲ್ಲೂ ಸಿಪ್ಪೆ, ಅಲ್ಲೂ ಹಲ್ಲು. ಗಂಜಿ ಇಲಿಗಳಿಗೂ ಹಿಡಿಸಿತ್ತು. ಅವನು ತಲೆಯೆತ್ತಿ ಚಾತ್ತುವನ್ನು ನೋಡಿದ. ಚಾತ್ತು ಆಕಾಶ ನೋಡುತ್ತಿದ್ದ. ಆಕಾಶದಲ್ಲಿ ಏನೂ ಇರಲಿಲ್ಲ.

ಆಗ ಎಲ್ಲ ತಿಳಿಯಿತು, ಯಾರೂ ಹೇಳದೆ. ಅರ್ಧ ಮೈಲಿಯಾಚೆ ಒಂದು ಕಾವು, ದೇವರ ಕಾಡು, ಇತ್ತು. ಯಾರೂ ಕೊಡಲಿ ಹಾಕದ ಹಳೆಯ ಹೊನ್ನೆ ಮರಗಳು, ಕೆಳಗೆ ಮಳೆಗಾಲದಲ್ಲಿ ತಾವಾಗಿ ಎದ್ದ ಸಸಿಗಳು. ಪ್ರಯೋಗ ನಿಂತರೆ ಕಾವಲಿನ ಕೆಲಸವೂ ನಿಲ್ಲುತ್ತದೆ. ಚಾತ್ತು ಚಹಾದಂಗಡಿಯಲ್ಲಿ ತಾನು ಹೇಳಿದ ಸಂಖ್ಯೆಗೆ ಸರಿಯಾಗಿ ಆಮೇಲೆ ಎಂಬತ್ತೊಂದು ಸಸಿ ಕಿತ್ತು ತಂದು ನೆಟ್ಟಿದ್ದ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನೀರು ಹೊತ್ತು, ಆಡುಗಳನ್ನು ಓಡಿಸಿ ಉಳಿಸಿದ್ದ. ತಾನು ಹದಿನಾಲ್ಕು ಪುಟ ಬರೆದದ್ದಕ್ಕಿಂತ ಎಷ್ಟೋ ಪಾಲು ಪ್ರಾಮಾಣಿಕವಾದ ಕೆಲಸ ಎಂದು ಉಪೇಂದ್ರನಿಗೆ ಅನ್ನಿಸಿತು. ಅವನು ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡ. ಸುಮ್ಮನಿರುವುದೇ ಸರಿ ಎಂದುಕೊಂಡ. ಗಿಡ ಹೇಗಾದರೂ ಬರಲಿ, ಗಿಡವಂತೂ ಹೌದು. ಚಾತ್ತುವಿನ ಹೊಟ್ಟೆಪಾಡು, ಸೌದಾಮಿನಿಯ ಬಾವಿಕಟ್ಟೆ. ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ. ಅಷ್ಟರಲ್ಲಿ ಸಾಹೇಬರು, ಮುಂದಿನ ಮಳೆಗಾಲಕ್ಕೆ ಇಂಥ ನಲವತ್ತು ಗುಡ್ಡಗಳು, ಕೆಂಪು ಸೀಸ ಮೂಟೆಗಟ್ಟಲೆ ಬೇಕಾದೀತು, ಎನ್ನುತ್ತಿದ್ದದ್ದು ಕಿವಿಗೆ ಬಿತ್ತು.

ಬೇಲಿಯ ಹೊರಗೆ ತ್ರೇಸ್ಯಾ ಬಂದು ನಿಂತಿದ್ದಳು. ಯಾವಾಗ ಬಂದಳೋ. ಆಡುಗಳು ಅವಳ ಹಿಂದೆ ಶಾಲೆಯ ಮಕ್ಕಳಂತೆ ಗುಂಪುಗೂಡಿ ನೋಡುತ್ತಿದ್ದವು. ಅವಳು ಸಾಹೇಬರನ್ನೇ ಉದ್ದೇಶಿಸಿ, ನಿಧಾನವಾಗಿ ಹೇಳಿದಳು: "ಏಮಾನೇ, ಆ ಕೆಂಪನ್ನು ಇನ್ನೂ ತರುತ್ತೀರಾ? ತರುವ ದಿನ ಮೊದಲೇ ಹೇಳಿ. ನಾನು ಆಡುಗಳನ್ನು ಕಟ್ಟಿ ಹಾಕುತ್ತೇನೆ. ನನಗೆ ಇವುಗಳನ್ನು ಬಿಟ್ಟರೆ ಬೇರೇನೂ ಇಲ್ಲ." ಅಷ್ಟೇ. ದೂರಿನ ಧ್ವನಿಯೇ ಇಲ್ಲ; ಇದ್ದದ್ದು ಒಂದು ಅನುಕೂಲ ಕೇಳುವವರ ಧ್ವನಿ. ಭಟನಾಗರ್ ಕುತೂಹಲದಿಂದ, ಏನನ್ನುತ್ತಾಳೆ, ಎಂದರು. ವಾರಿಯರ್ ನಕ್ಕು, "ಕೆಲಸ ಕೊಡಿ ಎಂದು ಕೇಳುತ್ತಾಳೆ. ಇಲ್ಲಿ ಎಲ್ಲರಿಗೂ ಸರಕಾರದ ಕೆಲಸ ಬೇಕು" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಭಟನಾಗರ್ ಅವಳ ಕಡೆ ನೋಡಿ ಕನಿಕರದಿಂದ ತಲೆಯಾಡಿಸಿದರು. ಅವಳು ಅದನ್ನು ಒಪ್ಪಿಗೆಯೆಂದು ತಿಳಿದು ಕೈಮುಗಿದಳು.

ಆಮೇಲೆ ಉಪೇಂದ್ರ ಮಾಡಿದ್ದನ್ನು ಧೈರ್ಯವೆಂದು ಕರೆಯುವಂತಿರಲಿಲ್ಲ. ಅವನಿಗೆ ಮೂತ್ರಕ್ಕೆ ಅವಸರವಾಗಿತ್ತು. ಅವನು ಬಗ್ಗಿ, ಎದುರಿಗಿದ್ದ ಗಿಡವನ್ನು ಬುಡಕ್ಕೆ ಕೈಹಾಕಿ ಎಳೆದ. ಸುಲಭವಾಗಿ ಬರಲಿಲ್ಲ. ಎರಡೂ ಕೈ ಹಾಕಿ ಜಗ್ಗಿದ. ಮಣ್ಣು ಬಿರಿದು ಗಿಡ ಬಂತು, ಅವನು ಹಿಂದಕ್ಕೆ ಕೂತುಬಿದ್ದ. ಕೂತಲ್ಲಿಂದಲೇ ಎತ್ತಿ ತೋರಿಸಿದ. ತಾಯಿಬೇರು ನೆಟ್ಟಗೆ ಇಳಿಯದೆ, ಕಲ್ಲಿನ ನೆಲದಲ್ಲಿ ಆಳ ಸಾಲದ ಗುಂಡಿಗೆ ತುರುಕಿದ್ದರಿಂದ, ಗಾಳದಂತೆ ಮೇಲಕ್ಕೆ ಬಾಗಿತ್ತು. "ಇದು ಬೀಜದಿಂದ ಇಲ್ಲಿ ಹುಟ್ಟಿದ್ದಲ್ಲ ಸರ್. ನೆಟ್ಟದ್ದು. ಬೀಜಗಳನ್ನೆಲ್ಲ ಇಲಿ ತಿಂದಿದೆ. ನಾನು ಎಣಿಸಿರಲಿಲ್ಲ. ಆ ಹೆಂಗಸು ಕೇಳಿದ್ದು ಕೆಲಸವಲ್ಲ. ಅವಳ ಆಡಿನ ಮರಿ ನಮ್ಮ ಲೇಪ ತಿಂದು ಸತ್ತಿದೆ. ಅದು ವರದಿಯಲ್ಲಿಲ್ಲ." ಇಂಗ್ಲಿಷಿನಲ್ಲಿ ಇಷ್ಟನ್ನೂ ತಪ್ಪಿಲ್ಲದೆ ಹೇಳಿದೆನೆಂದು ಆ ಸ್ಥಿತಿಯಲ್ಲೂ ಅವನಿಗೆ ಸಣ್ಣ ಸಮಾಧಾನವಾಯಿತು. ಭಟನಾಗರ್ ಬಂದು ಗಿಡವನ್ನು ಅವನ ಕೈಯಿಂದ ತೆಗೆದುಕೊಂಡು, ಬೇರನ್ನು ಬೆರಳಿನಿಂದ ಸವರಿ ನೋಡಿದರು. ಚಾತ್ತುವಿನ ಕಡೆ ತಿರುಗಿದರು. "ಬೇರು ಬಾಗಿದ್ದರೂ ಒಂದೂ ಸತ್ತಿಲ್ಲ. ಚೆನ್ನಾಗಿ ಸಾಕಿದ್ದಾನೆ" ಎಂದು ಗಿಡವನ್ನು ಅದೇ ಗುಂಡಿಯಲ್ಲಿ ಇಟ್ಟು ಕಾಲಿನಿಂದ ಮಣ್ಣು ಒತ್ತಿದರು. ವಾರಿಯರ್ ಗಡಿಯಾರ ನೋಡಿಕೊಂಡು, ಊಟ ತಣ್ಣಗಾಗುತ್ತದೆ ಎಂದರು. ಇಳಿಯುವಾಗ ಸಾಹೇಬರು ಅತಿಥಿಗಳಿಗೆ, "ರಾವ್ ಉತ್ತರದವನು, ಇಲ್ಲಿನ ಹವೆ ಒಗ್ಗಿಲ್ಲ" ಎನ್ನುತ್ತಿದ್ದರು. ಜೀಪಿನಲ್ಲಿ ಚಕ್ರದ ಮೇಲಿನ ಅವನ ಜಾಗ ಹಾಗೇ ಇತ್ತು. ಬೇಲಿಯ ಬಾಗಿಲು ಮುಚ್ಚಿದ ಚಾತ್ತು ಅವನನ್ನು ನೋಡಲಿಲ್ಲ.

ಮನೆಯಲ್ಲಿ ಹೇಳಿ ಎರಡು ದಿನವಾಯಿತು. ಮೂರನೆಯ ದಿನ ಸೌದಾಮಿನಿ ಬಟ್ಟೆ ಮಡಚುತ್ತ, "ಒಂದು ಕೇಳ್ತೇನೆ, ಆ ಆಡಿನ ಮರಿ ಸತ್ತದ್ದು ಹೌದಾ?" ಎಂದಳು. ಹೌದೆಂದ. "ಅದನ್ನು ನನಗೆ ಯಾಕೆ ಹೇಳ್ಲಿಲ್ಲ ನೀವು? ಊರಿಗೆ ಹೋಗ್ತೇವೆ ಅಂತ ನಾನು ಅಮ್ಮನಿಗೆ ಕಾಗದ ಹಾಕಿ ಆಯ್ತು." ಅವನು ಇನ್ನೊಂದು ಕಾಗದ ಹಾಕೋಣ ಎಂದ. "ಎಂತ ಅಂತ ಬರೆಯುದು? ಇಲಿ ತಿಂತು ಅಂತಲಾ?" ಎಂದವಳು ಅವನ ಅಂಗಿಯನ್ನು ಹಾಗೆಯೇ ಕೈಯಲ್ಲಿ ಹಿಡಿದು ಕೂತುಬಿಟ್ಟಳು. ಬರೆದಳೋ ಇಲ್ಲವೋ ಅವನು ಕೇಳಲಿಲ್ಲ.

ಕಚೇರಿ ಅವನಿಗೆ ಕಾರಣ ಕೇಳಿ ಒಂದು ಜ್ಞಾಪನಪತ್ರ ಕೊಟ್ಟಿತು. ವರದಿ ಸುಳ್ಳೆಂಬುದರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಇದ್ದದ್ದು, ಪ್ರಯೋಗ ಕ್ಷೇತ್ರದ ಗಿಡವೊಂದನ್ನು ಮೇಲಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ಕಿತ್ತದ್ದು ಏಕೆ ಎಂದು. ಗಿಡ ಎಷ್ಟು ಎತ್ತರವಿತ್ತು ಎಂಬುದನ್ನೂ ತಿಳಿಸಬೇಕಾಗಿತ್ತು. ತಿಳಿಸಿದ. ನಲವತ್ತು ಗುಡ್ಡಗಳ ಯೋಜನೆ, ಹೆಚ್ಚಿನ ಪರೀಕ್ಷೆಗಳ ನಂತರ ಮಂಡಿಸುವುದು ಎಂಬ ಷರಾದೊಂದಿಗೆ ಕಪಾಟು ಸೇರಿತು. ಮೂಟೆಗಟ್ಟಲೆ ಕೆಂಪು ಸೀಸ ಬರಲಿಲ್ಲ. ಅವನನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು. ಅಲ್ಲಿ ಅವನು ತಿರುವಾಂಕೂರಿನ ಕಾಲದ ಕಾಗದಗಳಿಗೆ ಕ್ರಮಸಂಖ್ಯೆ ಹಚ್ಚುತ್ತ, ಗೆದ್ದಲು ತಿಂದದ್ದನ್ನು ಬೇರೆ ಪಟ್ಟಿ ಮಾಡುತ್ತ, ಚಳಿಗಾಲವನ್ನೂ ಬೇಸಗೆಯನ್ನೂ ಕಳೆದ. ಮೇ ಕೊನೆಯಲ್ಲಿ ವಾರಿಯರ್ ಕರೆಸಿ, ಕಳಮಶ್ಶೇರಿಯ ಪ್ರಯೋಗ ಮುಚ್ಚುತ್ತಿದ್ದೇವೆ, ಕಾವಲುಗಾರನನ್ನು ಬಿಡುವ ಆದೇಶಕ್ಕೆ ಒಂದು ಕರಡು ಮಾಡಿಕೊಡಿ, ನಿಮಗೆ ವಿಷಯ ಗೊತ್ತಲ್ಲ, ಎಂದರು. ಅವನು ಆಗುವುದಿಲ್ಲ ಎನ್ನಲು ಹೋದ. ಆಗುವುದಿಲ್ಲ ಎಂದರೆ ಬೇರೆಯವನು ಬರೆಯುತ್ತಾನೆ, ತಪ್ಪುತಪ್ಪಾಗಿ ಬರೆಯುತ್ತಾನೆ ಎಂದು ತೋರಿತು. ಮೂರು ವಾಕ್ಯ ಬರೆದ. ಅತೃಪ್ತಿ, ಲೋಪ, ಅಪ್ರಾಮಾಣಿಕತೆ ಎಂಬ ಯಾವ ಶಬ್ದವೂ ಬಾರದಂತೆ, ಪ್ರಯೋಗ ಮುಗಿದದ್ದರಿಂದ ಜೂನ್ ಒಂದರಿಂದ ಸೇವೆಯ ಅಗತ್ಯವಿಲ್ಲ ಎಂದಷ್ಟೇ ಬರುವಂತೆ, ಇಡೀ ಮಧ್ಯಾಹ್ನ ತಿದ್ದಿದ. ಸಾಹೇಬರು ಓದಿ, "ರಾವ್, ನಿಮ್ಮ ಕರಡಿಗೆ ನಾನು ಪೆನ್ನು ಮುಟ್ಟಿಸದಿರುವುದು ಇದೇ ಮೊದಲು" ಎಂದರು. ಅಂಚೆಯಲ್ಲಿ ಹಾಕುವುದು ಬೇಡ, ನಾನೇ ಕೊಟ್ಟು ಬರುತ್ತೇನೆ, ಎಂದು ಅವನು ಒಂದು ದಿನದ ರಜೆ ಬರೆದುಕೊಟ್ಟ.

ಜೂನ್ ಎರಡನೆಯ ವಾರ. ದಾರಿಯುದ್ದಕ್ಕೂ ಸರಕಾರದ ವಿರುದ್ಧದ ಮೆರವಣಿಗೆಗಳು, ಬಸ್ಸು ನಿಂತು ನಿಂತು ಹೋಯಿತು. ಗುಡ್ಡ ಹತ್ತುವಾಗ ಮಳೆ ಬಿಟ್ಟಿತ್ತು. ಚಾತ್ತು ಬೇಲಿಯೊಳಗೆ ಮುಳ್ಳು ಸರಿಪಡಿಸುತ್ತಿದ್ದ. ಸೇವೆ ಮುಗಿದು ಹತ್ತು ದಿನವಾದದ್ದು ಅವನಿಗೆ ಗೊತ್ತಿರಲಿಲ್ಲ. ಉಪೇಂದ್ರನನ್ನು ಕಂಡು ಕೈ ಒರೆಸಿಕೊಂಡು ಬಂದ. ಕಾಗದ ತೆಗೆದುಕೊಂಡು, ಮೇಲೆ ಕೆಳಗೆ ನೋಡಿ, ತಿರುಗಿ ಕೊಟ್ಟ. "ಓದಿ ಹೇಳಿ ಸಾರೇ." ಉಪೇಂದ್ರ ಓದಿದ. ಒಂದೊಂದೇ ವಾಕ್ಯ ಓದಿ, ಅದನ್ನು ತನ್ನ ಮಲೆಯಾಳಕ್ಕೆ ತಿರುಗಿಸಿ, ಅಗತ್ಯ ಎಂಬ ಮಾತಿಗೆ ಶಬ್ದ ಸಿಗದೆ ತಡವರಿಸಿದಾಗ ಚಾತ್ತುವೇ ಅದನ್ನು ಎತ್ತಿಕೊಟ್ಟ: "ವೇಂಡ ಅಂತ ತಾನೆ?" ಹೌದು, ಬೇಡ ಅಂತ. ಚಾತ್ತು, "ಯಾರು ಬರೆದದ್ದು?" ಎಂದು ಕೇಳಿದ. "ನಾನು." ಚಾತ್ತು ತಲೆಯಾಡಿಸಿದ. "ಕೇಳಲಿಕ್ಕೆ ಚೆನ್ನಾಗಿದೆ" ಎಂದ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬೇಲಿಯ ಹೊರಗೆ ಬಂದು, ಒಂದು ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ. ಉಪೇಂದ್ರನಿಗೆ ಕ್ಷಮೆ ಕೇಳಬೇಕಾಗಿತ್ತು. ಆ ಶಬ್ದ ಮಲೆಯಾಳದಲ್ಲಿ ಅವನಿಗೆ ಬರುತ್ತಿತ್ತು. ಪಕ್ಕದ ಕಲ್ಲಿನ ಮೇಲೆ ಕೂತ.

ತ್ರೇಸ್ಯಾಳ ಆಡುಗಳು ಇಳಿಜಾರಿನಿಂದ ಮೇಲೆ ಬಂದವು. ಬೇಲಿಯ ಬಾಗಿಲು ತೆರೆದೇ ಇತ್ತು. ಮುಂದಿನ ಆಡು ಅಲ್ಲಿ ನಿಂತು, ಎಂದೂ ಇಲ್ಲದ ಈ ಸೌಕರ್ಯವನ್ನು ನಂಬದೆ ಚಾತ್ತುವಿನ ಮುಖ ನೋಡಿ, ಒಳಗೆ ಹೋಯಿತು. ಉಳಿದವೂ ಅದರ ಹಿಂದೆಯೇ ಹೋದವು. ಉಪೇಂದ್ರ ಹೌಹಾರಿ ಎದ್ದು ಕೈ ಬೀಸುತ್ತ ಓಡಿದ. "ಸಾರೇ, ಕೂತ್ಕೊಳ್ಳಿ," ಎಂದ ಚಾತ್ತು ಹಿಂದಿನಿಂದ, "ಆಡುಗಳಿಗೆ ಏನೂ ಓರ್ಡರ್ ಬಂದಿಲ್ಲ." ಅವನ ಧ್ವನಿಯಲ್ಲಿ ಕೋಪವಿರಲಿಲ್ಲ. ಆಡುಗಳು ಗಿಡಗಳನ್ನು ಬಗ್ಗಿಸಿ, ಅವಸರವಿಲ್ಲದೆ ತಿಂದವು. ತ್ರೇಸ್ಯಾ ಬಂದು ನೋಡಿ, ಮೊದಲು ಹೆದರಿ, ಆಮೇಲೆ ಇಬ್ಬರ ಮುಖವನ್ನೂ ನೋಡಿ, ಚಾತ್ತುವಿನ ಪಕ್ಕದಲ್ಲಿ ಕೂತಳು. ಒಂದು ಗಂಟೆಯೊಳಗೆ ಹಸುರು ಚೌಕ ಗುಡ್ಡದ ಬಣ್ಣಕ್ಕೆ ಬಂತು.

ಉಪೇಂದ್ರನಿಗೆ ಕೂತಿರಲಾಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ. ಆಡುಗಳ ಹಿಂದೆ ಸುಮ್ಮನೆ ಅಡ್ಡಾಡಿದ. ಬೇಲಿಯ ಆಚೆ, ಇಳಿಜಾರಿನಲ್ಲಿ, ಯಾರೂ ನೆಡದ ಒಂದು ಕರಂಡೆಯ ಪೊದೆಯಿತ್ತು, ಮೈಯೆಲ್ಲ ಮುಳ್ಳು. ಹೊಟ್ಟೆ ತುಂಬದ ಒಂದು ಆಡು ಅದರೊಳಗೆ ಮೂತಿ ಹಾಕಿತು, ಹಿಂದೆ ತೆಗೆಯಿತು, ಬೇರೆ ಬದಿಯಿಂದ ಹಾಕಿತು, ಸೀನಿ ಹೊರಟುಹೋಯಿತು. ಒಳಗೆ ಏನಿದ್ದೀತು ಎಂದು ಅವನು ಬಗ್ಗಿದ. ಕಾಣಲಿಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಒದ್ದೆ ಮಣ್ಣಿನಲ್ಲಿ ಮೊಣಕೈಯೂರಿ, ತಲೆ ತೂರಿಸಿದ. ಅಂಗಿ ಬೆನ್ನಮೇಲೆ ಚರ್ರೆಂದಿತು. ಕತ್ತಲೆಗೆ ಕಣ್ಣು ಹೊಂದಿಕೊಂಡಾಗ, ಪೊದೆಯ ಬುಡದಲ್ಲಿ, ತರಗೆಲೆಯ ನಡುವೆ, ಬೆರಳುದ್ದದ ಸಸಿಯೊಂದು ಕಂಡಿತು. ಎರಡು ದಪ್ಪ ಬೀಜದೆಲೆಗಳು ಇನ್ನೂ ಬಿದ್ದಿರಲಿಲ್ಲ. ಒಂದರ ತುದಿಗೆ ಹೊನ್ನೆಕಾಯಿಯ ರೆಕ್ಕೆಯ ಚೂರು ಅಂಟಿಕೊಂಡಿತ್ತು. ಬಣ್ಣವಿಲ್ಲದ್ದು, ಗಾಳಿಗೆ ಬಂದದ್ದು. ಅವನು ಮುಟ್ಟಲಿಲ್ಲ. ಕಿವಿಯ ಬಳಿ ಗೀರಿ ರಕ್ತ ಬರುತ್ತಿತ್ತು, ಅದು ಗಲ್ಲಕ್ಕೆ ಇಳಿಯುವುದನ್ನು ಸುಮ್ಮನೆ ಬಿಟ್ಟು ನೋಡುತ್ತಲೇ ಇದ್ದ.

ಹೊರಗೆ ಅವನ ಎರಡು ಕಾಲುಗಳನ್ನಷ್ಟೇ ಕಂಡು ತ್ರೇಸ್ಯಾ ನಗುವುದು ಕೇಳಿಸಿತು. ಅವಳು ನಗುವುದನ್ನು ಅವನು ಕೇಳಿದ್ದು ಅದೇ ಮೊದಲು. ಚಾತ್ತುವಿನ ಹೆಜ್ಜೆ ಪೊದೆಯ ಹತ್ತಿರ ಬಂದು ನಿಂತಿತು.

"ಎಂತಾ ಸಾರೇ, ಏನಿದೆ ಅಲ್ಲಿ?"

"ಹೊನ್ನೆ."

"ಎಷ್ಟು?"

ಉಪೇಂದ್ರ ಮುಳ್ಳಿನೊಳಗೆ ಕತ್ತು ಹೊರಳಿಸಿ, ಆಚೆ ನೋಡಿದ, ಈಚೆ ನೋಡಿದ, ತರಗೆಲೆಯನ್ನು ಒಂದೊಂದಾಗಿ ಎತ್ತಿ ಕೆಳಗೂ ನೋಡಿದ. ಚಾತ್ತು ಕಾದ.

"ಒಂದು" ಎಂದ ಉಪೇಂದ್ರ.